ಆಂಪ್ಲಿಫೈಯರಿನ ಮೊದಲ ಜೋಡಿಗೆ ಬೀಳುವ ಪೆಟ್ಟು

ಆಂಪ್ಲಿಫೈಯರ್ ಆನ್ ಇರುವಾಗಲೇ ಅದರ ಹಿಂಬದಿಗೆ ಸೆಟ್-ಟಾಪ್ ಬಾಕ್ಸಿನ ಆರ್‌ಸಿಎ ಪಿನ್ ಚುಚ್ಚಿದರೆ ಸ್ಪೀಕರಿನಿಂದ ಎದೆ ನಡುಗುವಂಥ ‘ಭರ್ರ್’ ಸದ್ದು ಬರುತ್ತದೆ. ಪಿನ್ ಪೂರ್ತಿ ಒಳಗೆ ಕೂತ ಕೂಡಲೇ ಸದ್ದು ನಿಂತು ಹಾಡು ಶುರುವಾಗುತ್ತದೆ, ಮನೆಯವರು ಅದನ್ನು ಮರೆತೂ ಬಿಡುತ್ತಾರೆ. ಎಷ್ಟೋ ದಿನದ ಮೇಲೆ ಯಾರಾದರೊಬ್ಬರು ಗಮನಿಸುತ್ತಾರೆ: ಹಾಡು ನಿಂತಾಗ ಎಡಗಡೆಯ ಸ್ಪೀಕರಿನಲ್ಲಿ ಸಣ್ಣಗೆ ‘ಸುಸ್’ ಅನ್ನುತ್ತಿದೆ, ಮೊದಲು ಹೀಗಿರಲಿಲ್ಲವಲ್ಲ? ಸ್ಪೀಕರ್ ಹಳತಾಯಿತು, ವೈರ್ ಸರಿಯಿಲ್ಲ, ವಾಲ್ಯೂಮ್ ಕಂಟ್ರೋಲಿನಲ್ಲಿ ಧೂಳು ಕೂತಿದೆ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ನಿಜವಾದ ಕಾರಣ ಹಲವು ಸಲ ಅರೆಗಳಿಗೆಯ ಆ ‘ಭರ್ರ್’ನಲ್ಲೇ ಇರುತ್ತದೆ. ಪೆಟ್ಟು ಬಿದ್ದದ್ದು ಆಂಪ್ಲಿಫೈಯರಿನ ತೀರಾ ಮೊದಲ ಹಂತಕ್ಕೆ, ಐದು ಮಿಲಿಮೀಟರ್ ಅಗಲವೂ ಇಲ್ಲದ ಎರಡು ಕಪ್ಪು ಟ್ರಾನ್ಸಿಸ್ಟರುಗಳಿಗೆ.

ಆಂಪ್ಲಿಫೈಯರನ್ನು ಕಾಪಾಡುವುದು ಅಂದರೆ ನಮ್ಮಲ್ಲಿ ಎಲ್ಲರ ಕಣ್ಣೂ ಔಟ್‌ಪುಟ್ ಕಡೆಗೇ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 5200–1943 ಔಟ್‌ಪುಟ್ ಟ್ರಾನ್ಸಿಸ್ಟರ್ ಜೋಡಿಯ ಬೋರ್ಡ್ ಕೊಳ್ಳುವ ಹುಡುಗ ಅದರ ಜೊತೆಗೇ ದೊಡ್ಡ ಹೀಟ್‌ಸಿಂಕ್, ಫ್ಯಾನ್, ಫ್ಯೂಸ್, ರಿಲೇ ಇರುವ ಸ್ಪೀಕರ್ ಪ್ರೊಟೆಕ್ಷನ್ ಬೋರ್ಡ್ ಎಲ್ಲವನ್ನೂ ಕೇಳಿ ತೆಗೆದುಕೊಳ್ಳುತ್ತಾನೆ. ಅದು ಬೇಕಾದದ್ದೇ. ಆದರೆ ಇನ್‌ಪುಟ್ ಕಡೆಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಬೋರ್ಡಿನ ಅಂಚಿನಲ್ಲಿ ಒಂದು ಕೆಪಾಸಿಟರ್, ಅದರ ಹಿಂದೆಯೇ ನೇರವಾಗಿ ಟ್ರಾನ್ಸಿಸ್ಟರಿನ ಬೇಸ್. ಔಟ್‌ಪುಟ್ ಟ್ರಾನ್ಸಿಸ್ಟರ್ ಹೋದರೆ ಹೊಗೆ ಬರುತ್ತದೆ, ಫ್ಯೂಸ್ ಹಾರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಇನ್‌ಪುಟ್ ಟ್ರಾನ್ಸಿಸ್ಟರ್ ಪೂರ್ತಿ ಸಾಯದೆ ಅರ್ಧ ಕೆಡುತ್ತದೆ, ಕೆಟ್ಟ ಮೇಲೂ ಹಾಡುತ್ತದೆ. ಅದಕ್ಕೇ ಅದರ ರಕ್ಷಣೆಯ ಮಾತು ಬರುವುದೇ ಇಲ್ಲ. ಎರಡು ಡಯೋಡು, ಒಂದು ರೆಸಿಸ್ಟರು, ಒಂದು ಪುಟ್ಟ ಕೆಪಾಸಿಟರು, ಎಲ್ಲ ಸೇರಿ ಒಂದು ಕಾಫಿಯ ದುಡ್ಡೂ ಆಗದ ಕೆಲಸ. ಯಾವುದನ್ನು ಎಲ್ಲಿ ಕೂರಿಸಬೇಕು ಎನ್ನುವುದರಲ್ಲಿ ಮಾತ್ರ ಜಾಣತನ ಬೇಕು.

ಮೊದಲು ಆ ಪಿನ್ನಿನ ವಿಷಯ. ಅಮೆರಿಕದ ಆರ್‌ಸಿಎ ಕಂಪನಿ ಇದನ್ನು ರೂಪಿಸಿದ್ದು ಕ್ಯಾಬಿನೆಟ್ಟಿನ ಒಳಗೆ ಗ್ರಾಮಫೋನನ್ನು ರೇಡಿಯೊಗೆ ಜೋಡಿಸುವುದಕ್ಕೆ. ಒಮ್ಮೆ ಚುಚ್ಚಿದರೆ ಮತ್ತೆ ಮುಟ್ಟುವ ಪ್ರಮೇಯವೇ ಇರಲಿಲ್ಲ. ಹಾಗಾಗಿ ನಡುವಿನ ಕಡ್ಡಿ ಮೊದಲು ತಾಗುತ್ತದೆ, ಹೊರಗಿನ ಸುತ್ತುಪಟ್ಟಿ ಆಮೇಲೆ ತಾಗುತ್ತದೆ. ಕಡ್ಡಿ ಸಿಗ್ನಲ್, ಪಟ್ಟಿ ಗ್ರೌಂಡ್. ಆ ನಡುವಿನ ಕ್ಷಣದಲ್ಲಿ ಎರಡು ಯಂತ್ರಗಳ ನಡುವೆ ಗ್ರೌಂಡ್ ಸಂಪರ್ಕವಿಲ್ಲ, ಸಿಗ್ನಲ್ ಸಂಪರ್ಕ ಮಾತ್ರ ಇದೆ. ಎರಡೂ ಯಂತ್ರಗಳ ಗ್ರೌಂಡ್ ಒಂದೇ ಮಟ್ಟದಲ್ಲಿದ್ದರೆ ಇದರಿಂದ ತೊಂದರೆಯಿಲ್ಲ. ಇಂದಿನ ಮನೆಗಳಲ್ಲಿ ಅವು ಒಂದೇ ಮಟ್ಟದಲ್ಲಿರುವುದಿಲ್ಲ.

ಸೆಟ್-ಟಾಪ್ ಬಾಕ್ಸ್, ಡಿವಿಡಿ ಪ್ಲೇಯರ್, ಲ್ಯಾಪ್‌ಟಾಪ್ ಇವಕ್ಕೆಲ್ಲ ಕರೆಂಟ್ ಕೊಡುವ ಎರಡು ಪಿನ್ನಿನ ಅಡಾಪ್ಟರಿನ ಒಳಗೆ, ರೇಡಿಯೊ ಅಡಚಣೆ ತಗ್ಗಿಸುವುದಕ್ಕಾಗಿ, ಮೇನ್ಸ್ ಬದಿಗೂ ಔಟ್‌ಪುಟ್ ಬದಿಗೂ ನಡುವೆ ‘ವೈ ಕ್ಲಾಸ್’ ಎನ್ನುವ ಕೆಪಾಸಿಟರ್ ಹಾಕಿರುತ್ತಾರೆ. ಅದರ ಬೆಲೆ 2.2 ನ್ಯಾನೊಫ್ಯಾರಡ್ ಎಂದಿಟ್ಟುಕೊಳ್ಳೋಣ. ನಮ್ಮ 50 ಹರ್ಟ್ಸ್ ಕರೆಂಟಿಗೆ ಅದು ಒಡ್ಡುವ ತಡೆ ಸುಮಾರು 14.5 ಲಕ್ಷ ಓಮ್. 230 ವೋಲ್ಟಿಗೆ ಅದರ ಮೂಲಕ ಹೆಚ್ಚೆಂದರೆ 0.16 ಮಿಲಿಆಂಪಿಯರ್ ಹರಿಯಬಹುದು. ಮನುಷ್ಯನಿಗೆ ಅಪಾಯವಿಲ್ಲ. ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಬೆರಳಿನ ಹಿಂಬದಿ ಸವರಿದಾಗ ‘ಜುಮ್’ ಅನ್ನುವುದು ಇದರಿಂದಲೇ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಒಂದು ಕಡ್ಡಿಯನ್ನು ಆರ್‌ಸಿಎ ಸಾಕೆಟ್ಟಿನ ಸುತ್ತುಪಟ್ಟಿಗೆ, ಇನ್ನೊಂದನ್ನು ಅರ್ಥ್ ಆಗಿರುವ ಆಂಪ್ಲಿಫೈಯರಿನ ಮೈಗೆ ಹಿಡಿದರೆ ಎಂಬತ್ತು, ತೊಂಬತ್ತು, ಒಮ್ಮೊಮ್ಮೆ ನೂರು ದಾಟಿದ ವೋಲ್ಟ್ ಕಾಣುತ್ತದೆ. ಯಂತ್ರ ಕೆಟ್ಟಿಲ್ಲ, ಅಡಾಪ್ಟರಿನ ವಿನ್ಯಾಸವೇ ಹಾಗೆ.

ಈಗ ಆ ಕಡ್ಡಿ ಮೊದಲು ತಾಗಿತು ಅನ್ನಿ. ಆಂಪ್ಲಿಫೈಯರಿನ ಇನ್‌ಪುಟ್ ತಡೆ 22 ಕಿಲೊಓಮ್ ಇದ್ದರೆ, 0.16 ಮಿಲಿಆಂಪಿಯರ್ ಅದರ ಮೇಲೆ ಮೂರೂವರೆ ವೋಲ್ಟ್ ಎಬ್ಬಿಸುತ್ತದೆ. ಸಾಮಾನ್ಯ ಆಂಪ್ಲಿಫೈಯರಿಗೆ ಪೂರ್ತಿ ದನಿ ಹೊರಡಿಸಲು ಒಂದು ವೋಲ್ಟ್ ಸಾಕು. ‘ಭರ್ರ್’ ಎನ್ನುವುದು ಪೂರ್ಣ ಶಕ್ತಿಗೂ ಮೀರಿ ಕೂಗುವ 50 ಹರ್ಟ್ಸ್ ಕರೆಂಟಿನ ದನಿ. ಅದಕ್ಕೂ ಮೊದಲು, ತಾಗಿದ ಆ ಒಂದು ಗಳಿಗೆಯಲ್ಲಿ, ನೂರಾರು ವೋಲ್ಟಿಗೆ ಏರಿ ಕೂತಿದ್ದ ಕೆಪಾಸಿಟರಿನ ಚಾರ್ಜು ಒಮ್ಮೆಲೇ ಟ್ರಾನ್ಸಿಸ್ಟರಿನ ಕಡೆಗೆ ನುಗ್ಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಈ ‘ಭರ್ರ್’ ಕಾಟ ತಪ್ಪಿಸಲೆಂದು ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ಕಿತ್ತುಹಾಕುವವರಿದ್ದಾರೆ. ಹಾಗೆ ಮಾಡಬಾರದು. ಟ್ರಾನ್ಸ್‌ಫಾರ್ಮರ್ ಒಳಗೆ ಕೆಟ್ಟು ಲೈನ್ ವೈರ್ ಮೈಗೆ ತಾಗಿದ ದಿನ ಆ ಪಿನ್ ಇಲ್ಲದಿದ್ದರೆ ಜೀವ ಹೋಗುತ್ತದೆ.

ಪೆಟ್ಟು ತಿನ್ನುವ ಆ ಜೋಡಿ ಏನು ಮಾಡುತ್ತದೆ? 1936ರಲ್ಲಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎನ್ನುವ ಎಂಜಿನಿಯರ್ ಎರಡು ವಾಲ್ವುಗಳನ್ನು ಕೆಳಗೆ ಒಂದೇ ರೆಸಿಸ್ಟರಿಗೆ ಕಟ್ಟಿ, ಅವುಗಳಿಗೆ ಬರುವ ಎರಡು ಸಿಗ್ನಲ್‌ಗಳ ವ್ಯತ್ಯಾಸವನ್ನು ಮಾತ್ರ ಹಿಗ್ಗಿಸುವ ಜೋಡಣೆಗೆ ಪೇಟೆಂಟ್ ಪಡೆದರು. ಸ್ಟೀರಿಯೊ ಧ್ವನಿಮುದ್ರಣದ ಮೂಲ ಪೇಟೆಂಟೂ ಅವರದೇ. 1942ರಲ್ಲಿ ರೇಡಾರ್ ಪರೀಕ್ಷೆಗೆ ಹೊರಟಿದ್ದ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ ಮೂವತ್ತೆಂಟು ವರ್ಷ. ವಾಲ್ವ್ ಹೋಗಿ ಟ್ರಾನ್ಸಿಸ್ಟರ್ ಬಂದರೂ ಆ ಜೋಡಿ ಹಾಗೇ ಉಳಿಯಿತು. ಇಂದಿನ ಬಹುಪಾಲು ಪವರ್ ಆಂಪ್ಲಿಫೈಯರುಗಳ ಮೊದಲ ಹಂತ ಅದೇ. ಅದನ್ನು ತಕ್ಕಡಿಯೆಂದು ತಿಳಿಯಬಹುದು: ಒಂದು ತಟ್ಟೆಯಲ್ಲಿ ಒಳಗೆ ಬಂದ ಸಿಗ್ನಲ್, ಇನ್ನೊಂದರಲ್ಲಿ ಔಟ್‌ಪುಟ್ಟಿನಿಂದ ಫೀಡ್‌ಬ್ಯಾಕಾಗಿ ಮರಳಿ ಬಂದ ಇಪ್ಪತ್ತನೇ ಒಂದು ಪಾಲು. ಎರಡೂ ಸಮವಾಗುವವರೆಗೆ ಮುಂದಿನ ಹಂತಗಳು ಔಟ್‌ಪುಟ್ಟನ್ನು ತಿದ್ದುತ್ತಲೇ ಇರುತ್ತವೆ.

ಲೆಕ್ಕದಲ್ಲಿ ನೋಡೋಣ. 8 ಓಮ್ ಸ್ಪೀಕರಿಗೆ 50 ವಾಟ್ ಕೊಡಬೇಕಾದರೆ ಔಟ್‌ಪುಟ್ಟಿನಲ್ಲಿ 20 ವೋಲ್ಟ್ ಬೇಕು. ಹಿಗ್ಗಿಸುವ ಪ್ರಮಾಣ 20 ಪಟ್ಟು ಇದ್ದರೆ ಒಳಗೆ ಒಂದು ವೋಲ್ಟ್. ಆ ಒಂದು ವೋಲ್ಟ್ ಎರಡೂ ಬೇಸುಗಳ ಮೇಲೆ ಹೆಚ್ಚುಕಡಿಮೆ ಒಂದೇ ಥರ ಏರಿಳಿಯುತ್ತದೆ, ನಡುವಿನ ವ್ಯತ್ಯಾಸ ಕೆಲವೇ ಮಿಲಿವೋಲ್ಟ್. ಇದನ್ನು ನೆನಪಿಟ್ಟುಕೊಳ್ಳಬೇಕು, ರಕ್ಷಣೆಯ ಗುಟ್ಟು ಇದರಲ್ಲೇ ಇದೆ.

ಟ್ರಾನ್ಸಿಸ್ಟರಿನ ದೌರ್ಬಲ್ಯ ಎಲ್ಲಿದೆ ಎನ್ನುವುದು ಡೇಟಾಶೀಟ್ ತೆರೆದರೆ ಗೊತ್ತಾಗುತ್ತದೆ. 2ಎನ್5551 ತನ್ನ ಕಲೆಕ್ಟರ್ ಮತ್ತು ಎಮಿಟರ್ ನಡುವೆ 160 ವೋಲ್ಟ್ ತಡೆದುಕೊಳ್ಳುತ್ತದೆ. ಅದೇ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಉಲ್ಟಾ ದಿಕ್ಕಿನಲ್ಲಿ ಕೊಡಬಹುದಾದದ್ದು ಬರೀ 6 ವೋಲ್ಟ್. ಬಿಸಿ547ಕ್ಕೂ ಆರೇ, ಬಿಸಿ557ಕ್ಕೆ ಐದು. ಎಮಿಟರ್ ಭಾಗದ ಸಿಲಿಕಾನಿಗೆ ಬೆರಕೆ ಧಾತುವನ್ನು ಧಾರಾಳವಾಗಿ ಸೇರಿಸಿರುತ್ತಾರೆ, ಒಳ್ಳೆಯ ಗೇನ್ ಬರುವುದು ಅದರಿಂದಲೇ. ಆದರೆ ಅದರಿಂದ ಬೇಸ್ ಮತ್ತು ಎಮಿಟರ್ ನಡುವಿನ ಸಂಧಿ ತೀರಾ ತೆಳ್ಳಗಾಗುತ್ತದೆ. ತೆಳ್ಳಗಿನ ಜಾಗದಲ್ಲಿ ಸ್ವಲ್ಪ ವೋಲ್ಟೇಜೂ ತೀವ್ರವಾದ ವಿದ್ಯುತ್ ಕ್ಷೇತ್ರವಾಗುತ್ತದೆ. ಮಿತಿ ದಾಟಿದಾಗ ಎಲೆಕ್ಟ್ರಾನುಗಳು ಭಾರೀ ವೇಗದಲ್ಲಿ ನುಗ್ಗಿ, ಸಿಲಿಕಾನೂ ಅದರ ಮೇಲಿನ ಆಕ್ಸೈಡ್ ಪದರವೂ ಕೂಡುವ ಕಡೆ ಸಣ್ಣ ಸಣ್ಣ ಗಾಯ ಮಾಡುತ್ತವೆ. ಆಮೇಲೆ ಬೇಸ್ ಕರೆಂಟಿನ ಒಂದಷ್ಟು ಪಾಲು ಆ ಗಾಯಗಳಲ್ಲೇ ಸೋರಿಹೋಗುತ್ತದೆ. ಗೇನ್ ಇಳಿಯುತ್ತದೆ, ಅದರಲ್ಲೂ ಕಡಿಮೆ ಕರೆಂಟಿನಲ್ಲಿ ಹೆಚ್ಚು ಇಳಿಯುತ್ತದೆ. ಜೊತೆಗೆ ಗದ್ದಲ ಏರುತ್ತದೆ. ಸಂಗೀತ ನಿಂತಾಗ ಕೇಳುವ ‘ಸುಸ್’, ಗುರುಗುರು ಎನ್ನುವ ಸದ್ದು ಇದೇ.

ಇಂಥ ಟ್ರಾನ್ಸಿಸ್ಟರನ್ನು ಬಿಚ್ಚಿ ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿಟ್ಟು ನೋಡಿದರೆ ಬೇಸಿನಿಂದ ಎಮಿಟರಿಗೆ 0.65, ಕಲೆಕ್ಟರಿಗೆ 0.65, ಉಲ್ಟಾ ಹಿಡಿದರೆ ಏನೂ ಇಲ್ಲ. ‘ಸರಿಯಾಗಿದೆ’ ಎಂದು ಮರಳಿ ಹಾಕುತ್ತಾರೆ. ರಿಪೇರಿಯವರ ತಪ್ಪಲ್ಲ, ಆ ಪರೀಕ್ಷೆಗೆ ಈ ಗಾಯ ಕಾಣುವುದಿಲ್ಲ.

ಬೇಸುಗಳ ನಡುವಿನ ವ್ಯತ್ಯಾಸ ಬರೀ ಮಿಲಿವೋಲ್ಟ್ ಅಂದ ಮೇಲೆ 6 ವೋಲ್ಟಿನ ಮಿತಿ ದಾಟುವುದು ಹೇಗೆ? ಫೀಡ್‌ಬ್ಯಾಕ್ ತನ್ನ ಕೆಲಸ ಮಾಡುತ್ತಿರುವವರೆಗೆ ದಾಟುವುದಿಲ್ಲ. ಔಟ್‌ಪುಟ್ ಹಿಂಬಾಲಿಸಲಾರದ ಕ್ಷಣದಲ್ಲಿ ದಾಟುತ್ತದೆ. ಆಂಪ್ಲಿಫೈಯರಿಗೆ ಸಿಗ್ನಲ್ ಕೊಡುವ ಮಿಕ್ಸರನ್ನು ಯಾರೋ ಆಫ್ ಮಾಡಿದರು, ಅದರ ±15 ವೋಲ್ಟಿನ ಆಪ್‌ಆಂಪ್ ಕೊನೆಯ ಉಸಿರಿನಲ್ಲಿ 13 ವೋಲ್ಟ್ ತಳ್ಳಿತು ಎಂದುಕೊಳ್ಳಿ. ನಮ್ಮ ಆಂಪ್ಲಿಫೈಯರಿನ ಸಪ್ಲೈ ±35 ವೋಲ್ಟ್. ಔಟ್‌ಪುಟ್ ಏರಿ ಏರಿ 34ರಲ್ಲಿ ನಿಂತುಬಿಡುತ್ತದೆ. ಅದರ ಇಪ್ಪತ್ತನೇ ಒಂದು ಪಾಲು, ಅಂದರೆ 1.7 ವೋಲ್ಟ್ ಮಾತ್ರ ಎರಡನೇ ಬೇಸಿಗೆ ತಲುಪುತ್ತದೆ. ಮೊದಲ ಬೇಸ್ 13ರಲ್ಲಿದೆ, ಎರಡರ ಎಮಿಟರುಗಳೂ 12.4ಕ್ಕೆ ಏರಿವೆ. ಎರಡನೇ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ಮೇಲೆ ಈಗ ಉಲ್ಟಾ 10.7 ವೋಲ್ಟ್. ಮಿತಿ ಆರು. ಸಿಗ್ನಲ್ ಮೈನಸ್ ಕಡೆಗೆ ಹಾರಿದರೆ ಪೆಟ್ಟು ಮೊದಲನೆಯದಕ್ಕೆ. ಪೆಟ್ಟು ಇನ್‌ಪುಟ್ಟಿಗೆ ಬಂದರೂ ಗಾಯವಾಗುವುದು ಒಮ್ಮೊಮ್ಮೆ ಫೀಡ್‌ಬ್ಯಾಕ್ ಬದಿಯ ಟ್ರಾನ್ಸಿಸ್ಟರಿಗೆ ಎನ್ನುವುದನ್ನು ಬಹಳ ಜನ ಗಮನಿಸಿಲ್ಲ. ಔಟ್‌ಪುಟ್ ಫ್ಯೂಸ್ ಹಾರಿದ್ದರೆ ಅಥವಾ ಆಂಪ್ಲಿಫೈಯರ್ ಆಫ್ ಇದ್ದು ಮಿಕ್ಸರ್ ಮಾತ್ರ ಆನ್ ಇದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ.

ಪರಿಹಾರ ಎರಡು 1ಎನ್4148 ಡಯೋಡು. ಎರಡು ಬೇಸುಗಳ ನಡುವೆ, ಒಂದಕ್ಕೊಂದು ಉಲ್ಟಾ ದಿಕ್ಕಿನಲ್ಲಿ. ಅಷ್ಟೇ. ವ್ಯತ್ಯಾಸ 0.6 ವೋಲ್ಟ್ ದಾಟಿದ ಕೂಡಲೇ ಯಾವುದೋ ಒಂದು ಡಯೋಡ್ ತೆರೆದುಕೊಂಡು ಎರಡು ಬೇಸುಗಳನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ, 6 ವೋಲ್ಟಿನ ಹತ್ತಿರಕ್ಕೂ ಬಿಡುವುದಿಲ್ಲ. ಇನ್‌ಪುಟ್ಟಿನಲ್ಲಿ ಮೊದಲೇ 1 ಕಿಲೊಓಮ್ ರೆಸಿಸ್ಟರ್ ಇದ್ದರೆ, ಫೀಡ್‌ಬ್ಯಾಕ್ ಬದಿಯ ಇನ್ನೊಂದು ಕಿಲೊಓಮ್ ಸೇರಿ, 13 ವೋಲ್ಟಿನ ಆ ಏಟಿಗೆ ಹರಿಯುವುದು ಹೆಚ್ಚೆಂದರೆ ಆರು ಮಿಲಿಆಂಪಿಯರ್. ಡಯೋಡಿಗೆ ಅದು ಲೆಕ್ಕಕ್ಕೇ ಇಲ್ಲ.

ಈ ಜಾಗದ ಸೊಗಸು ಏನೆಂದರೆ, ನೆಟ್ಟಗಿರುವ ದಿನ ಆ ಡಯೋಡುಗಳಿಗೆ ಸಿಗ್ನಲ್ಲೇ ಕಾಣುವುದಿಲ್ಲ. ಬೇಸುಗಳೆರಡೂ ಜೊತೆಯಲ್ಲೇ ಏರಿ ಜೊತೆಯಲ್ಲೇ ಇಳಿಯುವುದರಿಂದ ಡಯೋಡಿನ ಎರಡು ತುದಿಗಳ ನಡುವೆ ಉಳಿಯುವುದು ಅವೇ ಕೆಲವು ಮಿಲಿವೋಲ್ಟ್. ರಕ್ಷಣೆಗೆ ಹಾಕಿದ್ದು ಸದ್ದು ಕೆಡಿಸುತ್ತದೆ ಎಂದು ಭಯಪಡುವ ಸಂಗೀತಪ್ರಿಯರಿದ್ದಾರೆ, ಆ ಭಯ ಬೇರೆ ಕಡೆಗಳಲ್ಲಿ ನ್ಯಾಯವಾದದ್ದೂ ಹೌದು. ಇಲ್ಲಿ ಮಾತ್ರ ಅದಕ್ಕೆ ಆಧಾರವಿಲ್ಲ. ಒಂದೇ ಒಂದು ಷರತ್ತು: ಎಮಿಟರುಗಳಿಗೆ ದೊಡ್ಡ ರೆಸಿಸ್ಟರ್ ಹಾಕಿದ ವಿನ್ಯಾಸವಾದರೆ, ವೇಗವಾಗಿ ಏರುವ ಸಿಗ್ನಲ್ಲಿಗೆ ವ್ಯತ್ಯಾಸ ಅರ್ಧ ವೋಲ್ಟ್ ದಾಟಬಹುದು. ಅಂಥಲ್ಲಿ ಪ್ರತಿ ದಿಕ್ಕಿಗೆ ಎರಡೆರಡು ಡಯೋಡ್ ಸಾಲಾಗಿ ಹಾಕಿ ಮಿತಿಯನ್ನು 1.2 ವೋಲ್ಟಿಗೆ ಏರಿಸಿದರೆ ಸರಿಹೋಗುತ್ತದೆ.

ಇದು ಹೊಸ ಉಪಾಯವೇನೂ ಅಲ್ಲ. ಲೆಕ್ಕವಿಲ್ಲದಷ್ಟು ಮಿಕ್ಸರುಗಳಲ್ಲಿ ಕೂತಿರುವ, 1970ರ ದಶಕದ ಕೊನೆಯಲ್ಲಿ ಸಿಗ್ನೆಟಿಕ್ಸ್ ತಂದ ಎನ್‌ಇ5532 ಆಪ್‌ಆಂಪಿನ ಒಳಗೇ ಈ ಎರಡು ಡಯೋಡುಗಳಿವೆ. ಅದಕ್ಕೂ ಹಿಂದೆ, 1968ರಲ್ಲಿ ಫೇರ್‌ಚೈಲ್ಡ್ ಕಂಪನಿಗಾಗಿ ಡೇವ್ ಫುಲ್ಲಗರ್ ವಿನ್ಯಾಸ ಮಾಡಿದ 741 ಬೇರೆ ದಾರಿ ಹಿಡಿದಿತ್ತು. ಉಲ್ಟಾ ವೋಲ್ಟೇಜನ್ನು ಸಹಿಸಬಲ್ಲ ವಿಶೇಷ ರಚನೆಯ ಪಿಎನ್‌ಪಿ ಟ್ರಾನ್ಸಿಸ್ಟರುಗಳನ್ನು ಇನ್‌ಪುಟ್ಟಿನಲ್ಲಿ ಬಳಸಿದ್ದರಿಂದ ಅದು ಎರಡು ಇನ್‌ಪುಟ್ಟುಗಳ ನಡುವೆ 30 ವೋಲ್ಟ್ ವ್ಯತ್ಯಾಸವನ್ನೂ ತಡೆದುಕೊಳ್ಳುತ್ತಿತ್ತು. ಕಾಲೇಜು ಪ್ರಯೋಗಾಲಯಗಳಲ್ಲಿ 741 ಏನು ಮಾಡಿದರೂ ಸಾಯುವುದಿಲ್ಲ ಎನ್ನುವ ಹೆಸರು ಗಳಿಸಿದ್ದಕ್ಕೆ ಇದೂ ಒಂದು ಕಾರಣ. ಆದರೆ ಅಂಥ ಟ್ರಾನ್ಸಿಸ್ಟರುಗಳು ನಿಧಾನ. ವೇಗ, ನಿಶ್ಶಬ್ದ ಎರಡೂ ಬೇಕಾದ ಆಡಿಯೊದಲ್ಲಿ ಸೂಕ್ಷ್ಮವಾದ ಟ್ರಾನ್ಸಿಸ್ಟರ್ ಹಾಕಿ ಅದಕ್ಕೆ ಡಯೋಡಿನ ಆಸರೆ ಕೊಡುವುದೇ ಮೇಲು.

ಬೇಸುಗಳ ನಡುವಿನ ಡಯೋಡು ಒಂದು ಥರದ ಪೆಟ್ಟಿಗೆ ಮದ್ದು. ಎರಡೂ ಬೇಸು ಒಟ್ಟಿಗೇ ಸಪ್ಲೈ ವೋಲ್ಟೇಜಿನ ಆಚೆಗೆ ಹೋದರೆ ಅದು ಏನೂ ಮಾಡಲಾರದು. ಅದಕ್ಕೆ ಇನ್‌ಪುಟ್ಟಿನಿಂದ ಗ್ರೌಂಡಿಗೆ ಮುಖಾಮುಖಿಯಾಗಿ ಎರಡು ಝೀನರ್ ಹಾಕುವುದು ಸುಲಭದ ರೂಢಿ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ಕಡಿಮೆ ವೋಲ್ಟಿನ ಝೀನರಿಗೆ ನೂರಾರು ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಸಿಗ್ನಲ್ ಏರಿಳಿದಂತೆ ಆ ಕೆಪಾಸಿಟೆನ್ಸೂ ಏರಿಳಿಯುತ್ತದೆ. ಅದಕ್ಕೆ ಮೊದಲು 100 ಕಿಲೊಓಮ್ ವಾಲ್ಯೂಮ್ ಕಂಟ್ರೋಲ್ ನಡುಮಟ್ಟದಲ್ಲಿ ನಿಂತಿದ್ದರೆ 25 ಕಿಲೊಓಮಿನಷ್ಟು ತಡೆ ಸಾಲಿನಲ್ಲಿ ಬಂದಂತಾಯಿತು. ಆಗ ತಾಳದ ಝಣಝಣ, ಪಿಟೀಲಿನ ಮೇಲಿನ ಸ್ವರಗಳು ಕೆಡತೊಡಗುತ್ತವೆ. ಇಲ್ಲಿ ಸಂಗೀತಪ್ರಿಯರ ದೂರು ಸರಿ. ಇನ್ನೂ ಒಳ್ಳೆಯ ದಾರಿಯೆಂದರೆ ಝೀನರುಗಳಿಂದ ±5 ವೋಲ್ಟಿನ ಸ್ಥಿರವಾದ ಎರಡು ಮಟ್ಟಗಳನ್ನು ಬೇರೆಯೇ ಮಾಡಿಕೊಂಡು, ಇನ್‌ಪುಟ್ಟಿನಿಂದ ಆ ಮಟ್ಟಗಳಿಗೆ 1ಎನ್4148 ಹಾಕುವುದು. ಈ ಡಯೋಡಿನ ಕೆಪಾಸಿಟೆನ್ಸ್ ಹೆಚ್ಚೆಂದರೆ 4 ಪಿಕೊಫ್ಯಾರಡ್, ಉಲ್ಟಾ ವೋಲ್ಟೇಜ್ ಇರುವಾಗ ಇನ್ನೂ ಕಡಿಮೆ. ಪ್ಲಸ್ ಕಡೆಗೂ ಮೈನಸ್ ಕಡೆಗೂ ಮಟ್ಟ ಒಂದೇ ಇರಬೇಕು. ಹೆಚ್ಚುಕಡಿಮೆಯಾದರೆ ಪ್ರತಿ ದೊಡ್ಡ ಸದ್ದಿಗೂ ಇನ್‌ಪುಟ್ ಕೆಪಾಸಿಟರ್ ಒಂದೇ ದಿಕ್ಕಿಗೆ ಚಾರ್ಜ್ ಆಗಿ, ಮರಳಿ ನೆಲೆಗೆ ಬರುವಷ್ಟು ಹೊತ್ತು ಆಂಪ್ಲಿಫೈಯರ್ ತೊದಲುತ್ತದೆ. ಇನ್ನೊಂದು ಸಣ್ಣ ವಿಷಯ: 1ಎನ್4148 ಗಾಜಿನ ಮೈಯದು, ಬೆಳಕು ಬಿದ್ದರೆ ಅತಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಹೆಚ್ಚು ತಡೆಯ ಇನ್‌ಪುಟ್ಟುಗಳಲ್ಲಿ, ಮುಚ್ಚಳ ತೆಗೆದು ಟ್ಯೂಬ್‌ಲೈಟಿನ ಕೆಳಗಿಟ್ಟಾಗ ಮಾತ್ರ ಕೇಳಿ ಮುಚ್ಚಿದ ಕೂಡಲೇ ಮಾಯವಾಗುವ ಹಮ್ಮಿಂಗ್ ಇದ್ದರೆ ಇದನ್ನೂ ಅನುಮಾನಿಸಬೇಕು.

ಎಲ್ಲಕ್ಕೂ ಮೊದಲು ಬರುವ 1 ಕಿಲೊಓಮ್ ರೆಸಿಸ್ಟರಿನ ಬಗ್ಗೆಯೂ ಅನುಮಾನಪಡುವವರಿದ್ದಾರೆ. ಯಾವ ರೆಸಿಸ್ಟರಿಗೂ ತನ್ನದೇ ಆದ ಗದ್ದಲವಿದೆ, ನಿಜ. 1 ಕಿಲೊಓಮಿನದು 20 ಕಿಲೊಹರ್ಟ್ಸ್‌ವರೆಗೆ ಎಲ್ಲ ಸೇರಿ ಸುಮಾರು 0.6 ಮೈಕ್ರೊವೋಲ್ಟ್. ಒಂದು ವೋಲ್ಟಿನ ಸಿಗ್ನಲ್ಲಿಗಿಂತ ಅದು ಸುಮಾರು 125 ಡೆಸಿಬೆಲ್ ಕೆಳಗೆ. ಯಾವ ಕಿವಿಗೂ ಅದು ಸಿಗುವುದಿಲ್ಲ. ಅದೇ ರೆಸಿಸ್ಟರಿನ ಹಿಂದೆ 1 ನ್ಯಾನೊಫ್ಯಾರಡ್ ಕೆಪಾಸಿಟರನ್ನು ಗ್ರೌಂಡಿಗೆ ಹಾಕಿದರೆ ಸುಮಾರು 160 ಕಿಲೊಹರ್ಟ್ಸ್‌ನ ಮೇಲಿನದನ್ನೆಲ್ಲ ತಗ್ಗಿಸುತ್ತದೆ. ಮೊಬೈಲ್ ಪಕ್ಕದಲ್ಲಿಟ್ಟಾಗ ಸ್ಪೀಕರ್ ‘ಟಿಕಿಟಿಕಿ ಟಿಕಿಟಿಕಿ’ ಅನ್ನುವುದು 2ಜಿ ಫೋನ್ ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಪ್ರಸಾರ ಮಾಡುವುದರಿಂದ. ಬೇಸ್-ಎಮಿಟರ್ ಸಂಧಿಯೇ ಆ ರೇಡಿಯೊ ಅಲೆಯನ್ನು ರೆಕ್ಟಿಫೈ ಮಾಡಿ ಕಿವಿಗೆ ಕೇಳುವ ಸದ್ದಾಗಿಸುತ್ತದೆ. ಈ ಪುಟ್ಟ ಕೆಪಾಸಿಟರ್ ಬೋರ್ಡಿನ ನಡುವೆ ಎಲ್ಲೋ ಇದ್ದರೆ ಸಾಲದು, ಇನ್‌ಪುಟ್ ಸಾಕೆಟ್ಟಿಗೆ ಅಂಟಿದಂತೆ, ಕಾಲುಗಳನ್ನು ಗಿಡ್ಡ ಮಾಡಿ ಸೋಲ್ಡರ್ ಮಾಡಬೇಕು.

ಮನೆಯ ಹಾಲಿನಿಂದ ಜಾತ್ರೆಯ ಬಯಲಿಗೆ ಬಂದರೆ ಅಪಾಯಗಳ ಬಣ್ಣವೇ ಬೇರೆ. ಮೈಕ್‌ಸೆಟ್ಟಿನವರ ಒಂದು ರಾತ್ರಿಯ ಕೆಲಸ ನೋಡಿದವರಿಗೆ ಗೊತ್ತು: ಕತ್ತಲಲ್ಲಿ, ಅವಸರದಲ್ಲಿ, ಒಂದರ ಪಿನ್ ಇನ್ನೊಂದಕ್ಕೆ ಹೋಗುತ್ತದೆ. ಒಂದು ಆಂಪ್ಲಿಫೈಯರಿನ ಸ್ಪೀಕರ್ ಔಟನ್ನು ಇನ್ನೊಂದರ ಲೈನ್ ಇನ್ನಿಗೆ ಚುಚ್ಚಿದರೆ ಒಂದು ವೋಲ್ಟ್ ನಿರೀಕ್ಷಿಸುವ ಕಡೆ ಮೂವತ್ತು ವೋಲ್ಟ್ ಬರುತ್ತದೆ. ನೂರಾರು ಅಡಿ ಎಳೆದ ವೈರಿನಲ್ಲಿ ದೂರದ ಸಿಡಿಲೂ ವೋಲ್ಟೇಜ್ ಹುಟ್ಟಿಸುತ್ತದೆ. ಏಪ್ರಿಲ್, ಮೇ ತಿಂಗಳಿನ ಜಾತ್ರೆ, ಮುಂಗಾರಿಗೆ ಮೊದಲಿನ ಗುಡುಗುಮಳೆ ಎರಡೂ ನಮ್ಮಲ್ಲಿ ಒಂದೇ ಕಾಲಕ್ಕೆ ಬರುತ್ತವೆ. ನೇರ ಸಿಡಿಲಿಗೆ ಯಾವ ಡಯೋಡೂ ಉತ್ತರವಲ್ಲ, ವೈರ್ ಕಿತ್ತಿಡುವುದೊಂದೇ ದಾರಿ. ದೂರದ ಸಿಡಿಲಿಗೆ ಮಾತ್ರ ಹಳೆಯ ಕಾಲದ ಲೈನ್ ಟ್ರಾನ್ಸ್‌ಫಾರ್ಮರ್ ಇಂದಿಗೂ ಗಟ್ಟಿ ರಕ್ಷಣೆ: ಎರಡು ಸುರುಳಿಗಳ ನಡುವೆ ತಂತಿಯ ಸಂಪರ್ಕವೇ ಇಲ್ಲ, ಎರಡೂ ವೈರಿನಲ್ಲಿ ಸಮನಾಗಿ ಬಂದದ್ದು ಆಚೆಗೆ ದಾಟುವುದು ಕಷ್ಟ. ಎಕ್ಸ್‌ಎಲ್‌ಆರ್ ಕನೆಕ್ಟರೂ ಇಲ್ಲಿ ನೆರವಿಗೆ ಬರುತ್ತದೆ. ಅದರ ಒಂದನೇ ಪಿನ್, ಗ್ರೌಂಡಿನದು, ಉಳಿದೆರಡಕ್ಕಿಂತ ಮೊದಲು ತಾಗುವಂತೆ ಮಾಡಿರುತ್ತಾರೆ. ಆರ್‌ಸಿಎ ಮಾಡುವ ತಪ್ಪನ್ನು ಅದು ಮಾಡುವುದಿಲ್ಲ.

ಎಕ್ಸ್‌ಎಲ್‌ಆರ್ ಜೊತೆಗೆ ಬರುವ ಅಪಾಯ ಫ್ಯಾಂಟಮ್ ಪವರ್. ಕಂಡೆನ್ಸರ್ ಮೈಕಿಗೆ ಅದೇ ವೈರಿನಲ್ಲಿ 48 ವೋಲ್ಟ್ ಕಳಿಸುವ ಪದ್ಧತಿ 1966ರಲ್ಲಿ ನಾರ್ವೆಯ ರೇಡಿಯೊ ಸಂಸ್ಥೆಗಾಗಿ ಜರ್ಮನಿಯ ನಾಯ್‌ಮನ್ ಕಂಪನಿ ಮೈಕ್ ಮಾಡಿಕೊಟ್ಟಾಗ ನೆಲೆಗೊಂಡಿತು. ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಕ್ಕಾಗಿ 48 ವೋಲ್ಟ್ ಆಗಲೇ ಇತ್ತು, ಅದನ್ನೇ ಬಳಸಿಕೊಂಡರು. ಮೈಕ್ ಇನ್‌ಪುಟ್ಟಿನಲ್ಲಿ ಈ 48 ವೋಲ್ಟನ್ನು ತಡೆಯಲು ಹಾಕುವ 47 ಮೈಕ್ರೊಫ್ಯಾರಡ್ ಕೆಪಾಸಿಟರ್ ಅಷ್ಟಕ್ಕೆ ಚಾರ್ಜ್ ಆದರೆ 54 ಮಿಲಿಜೂಲ್ ಶಕ್ತಿ ಹಿಡಿದುಕೊಳ್ಳುತ್ತದೆ. ವೈರ್ ಎಲ್ಲೋ ಗ್ರೌಂಡಿಗೆ ತಾಗಿದರೆ ಆ ಶಕ್ತಿಯೆಲ್ಲ ಒಳಗಿನ ಟ್ರಾನ್ಸಿಸ್ಟರಿನ ಮೇಲೆ ಬೀಳುತ್ತದೆ. 2001ರಲ್ಲಿ ಆಡಿಯೊ ಎಂಜಿನಿಯರುಗಳ ಸಮ್ಮೇಳನದಲ್ಲಿ ಹೆಬರ್ಟ್ ಮತ್ತು ಥಾಮಸ್ ಇದರ ಮೇಲೆಯೇ ಪ್ರಬಂಧ ಮಂಡಿಸಿದ್ದರು. ಪವರ್ ಆಂಪ್ಲಿಫೈಯರಿನಲ್ಲಾದರೆ 1 ಕಿಲೊಓಮ್ ರೆಸಿಸ್ಟರ್ ಆ ಕರೆಂಟನ್ನು 48 ಮಿಲಿಆಂಪಿಯರಿಗೆ ಕಟ್ಟಿಹಾಕುತ್ತದೆ, ಪುಟ್ಟ ಡಯೋಡೂ ತಡೆದುಕೊಳ್ಳುತ್ತದೆ. ಮೈಕ್ ಹಂತದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಸಿಗ್ನಲ್ಲೇ ಒಂದೆರಡು ಮಿಲಿವೋಲ್ಟ್, 1 ಕಿಲೊಓಮಿನ ಗದ್ದಲವೂ ಅಲ್ಲಿ ಕೇಳಿಬಿಡುತ್ತದೆ. ಆದ್ದರಿಂದ ಕೆಲವೇ ಓಮ್ ರೆಸಿಸ್ಟರ್ ಇಟ್ಟು, ಆಂಪಿಯರುಗಟ್ಟಲೆ ಹೊರಬಲ್ಲ ದಪ್ಪ ಡಯೋಡುಗಳನ್ನು ಬಳಸಬೇಕಾಗುತ್ತದೆ. ಪವರ್ ಆಂಪ್ಲಿಫೈಯರಿನ ರಕ್ಷಣೆಯ ನಕ್ಷೆಯನ್ನು ಹಾಗೇ ಎತ್ತಿ ಮೈಕ್ ಪ್ರಿಆಂಪಿಗೆ ಹಾಕಿದರೆ ದನಿ ಕೆಡುತ್ತದೆ.

ರಿಪೇರಿ ಮೇಜಿನ ಮೇಲೂ ಒಂದು ಹಳೆಯ ಅಭ್ಯಾಸವಿದೆ. ಸ್ಕ್ರೂಡ್ರೈವರಿನ ಲೋಹದ ಕಡ್ಡಿಗೆ ಬೆರಳು ತಾಗಿಸಿ, ತುದಿಯನ್ನು ವಾಲ್ಯೂಮ್ ಕಂಟ್ರೋಲಿನ ನಡುವಿನ ಕಾಲಿಗೆ ಮುಟ್ಟಿಸುವುದು. ‘ಗುಂಯ್’ ಎಂದರೆ ಮುಂದಿನ ಹಂತಗಳು ಜೀವಂತವಾಗಿವೆ ಎಂದರ್ಥ. ವಾಲ್ವ್ ರೇಡಿಯೊ ಕಾಲದಿಂದ ಬಂದ ಪರೀಕ್ಷೆ ಇದು, ವಾಲ್ವಿನ ಗ್ರಿಡ್ಡಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಈಗ ಆ ಕಾಲಿನ ಆಚೆಗಿರುವುದು 5 ವೋಲ್ಟಿಗೆ ನರಳುವ ಸಿಲಿಕಾನ್. ಮನುಷ್ಯನ ಮೈಯನ್ನು 100 ಪಿಕೊಫ್ಯಾರಡ್ ಕೆಪಾಸಿಟರ್ ಎಂದೂ ಚರ್ಮವನ್ನು 1.5 ಕಿಲೊಓಮ್ ಎಂದೂ ಎಣಿಸಿ ಪರೀಕ್ಷೆ ಮಾಡುವುದು ಉದ್ಯಮದ ಪದ್ಧತಿ. ಕಲಬುರಗಿ, ವಿಜಯಪುರದ ಕಡೆ ಒಣಹವೆಯ ದಿನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದ ಮೈಗೆ ಸಾವಿರಾರು ವೋಲ್ಟ್ ಸ್ಥಿರವಿದ್ಯುತ್ ಏರಬಹುದು. 8 ಸಾವಿರ ವೋಲ್ಟಾದರೆ ಅದರ ಶಕ್ತಿ 3.2 ಮಿಲಿಜೂಲ್. ಸುಮಾರು 3 ಸಾವಿರ ವೋಲ್ಟಿಗಿಂತ ಕಡಿಮೆಯಿದ್ದರೆ ಮುಟ್ಟಿದವನಿಗೆ ಚಿಟ್ಟೆನ್ನುವುದೂ ಇಲ್ಲ, ಆದರೆ ಟ್ರಾನ್ಸಿಸ್ಟರಿಗೆ ಅದೂ ಬಹಳವಾಯಿತು. ‘ಗುಂಯ್’ ಪರೀಕ್ಷೆ ಬಿಡಲಾಗದವರು ಮೊದಲು ಇನ್ನೊಂದು ಕೈಯಿಂದ ಅರ್ಥ್ ಆದ ಮೈ ಮುಟ್ಟಿ, ಸ್ಕ್ರೂಡ್ರೈವರಿನ ತುದಿಗೆ ಒಂದು 100 ಕಿಲೊಓಮ್ ರೆಸಿಸ್ಟರ್ ಕಟ್ಟಿಕೊಂಡರೆ ಪರೀಕ್ಷೆಯೂ ಆಗುತ್ತದೆ, ಟ್ರಾನ್ಸಿಸ್ಟರೂ ಉಳಿಯುತ್ತದೆ.

ಮೊದಲ ಜೋಡಿಗೆ ಪೆಟ್ಟು ಬಿದ್ದಿದೆಯೇ ಎಂದು ಕಂಡುಕೊಳ್ಳಲು ದುಬಾರಿ ಉಪಕರಣ ಬೇಕಿಲ್ಲ. ಜೋಡಿಯ ಪ್ರತಿ ಟ್ರಾನ್ಸಿಸ್ಟರಿನಲ್ಲಿ 1 ಮಿಲಿಆಂಪಿಯರ್ ಹರಿಯುತ್ತಿದೆ, ಗೇನ್ 200 ಎಂದುಕೊಂಡರೆ ಬೇಸಿಗೆ 5 ಮೈಕ್ರೊಆಂಪಿಯರ್ ಬೇಕು. ಎರಡೂ ಬದಿಯಲ್ಲಿ 22 ಕಿಲೊಓಮ್ ಇದ್ದರೆ ಎರಡೂ ಕಡೆ 110 ಮಿಲಿವೋಲ್ಟ್ ಬಿದ್ದು ಒಂದನ್ನೊಂದು ಕಳೆಯುತ್ತವೆ, ಔಟ್‌ಪುಟ್ಟಿನಲ್ಲಿ ಡಿಸಿ ಹೆಚ್ಚುಕಡಿಮೆ ಸೊನ್ನೆ. ಪೆಟ್ಟು ತಿಂದ ಒಂದರ ಗೇನ್ ನೂರಕ್ಕೆ ಇಳಿದರೆ ಆ ಬದಿಗೆ 220 ಬೀಳುತ್ತದೆ, ಉಳಿದ 110 ಮಿಲಿವೋಲ್ಟ್ ಔಟ್‌ಪುಟ್ಟಿನಲ್ಲಿ ಕಾಣುತ್ತದೆ. ಡಿಸಿ ಹಿಗ್ಗದಂತೆ ನೋಡಿಕೊಳ್ಳುವ ಫೀಡ್‌ಬ್ಯಾಕ್ ಬದಿಯ ಕೆಪಾಸಿಟರ್ ತೆಗೆದುಹಾಕಿದ ವಿನ್ಯಾಸವಾದರೆ, ಇನ್‌ಪುಟ್ ಬದಿಯ ಆ ವ್ಯತ್ಯಾಸ ಇಪ್ಪತ್ತು ಪಟ್ಟಾಗಿ 2.2 ವೋಲ್ಟ್. ಸ್ಪೀಕರ್ ಸುರುಳಿಯ ತಂತಿಯ ತಡೆ ಸುಮಾರು 6 ಓಮ್, ಅದರೊಳಗೆ ಹಗಲೂ ರಾತ್ರಿ ಮೂರನೇ ಒಂದು ಆಂಪಿಯರಿಗೂ ಹೆಚ್ಚು ಕರೆಂಟ್ ಹರಿದು ಕೋನನ್ನು ಒಂದು ಬದಿಗೆ ತಳ್ಳಿ ಹಿಡಿಯುತ್ತದೆ.

ಹಾಗಾಗಿ ಹೊಸ ಆಂಪ್ಲಿಫೈಯರ್ ಕಟ್ಟಿ ಮುಗಿಸಿದ ದಿನವೇ, ಇನ್‌ಪುಟ್ಟನ್ನು ಶಾರ್ಟ್ ಮಾಡಿ, ಆನ್ ಮಾಡಿ ಹತ್ತು ನಿಮಿಷ ಬಿಟ್ಟು, ಸ್ಪೀಕರ್ ಟರ್ಮಿನಲ್ಲಿನ ಡಿಸಿ ಎಷ್ಟು ಮಿಲಿವೋಲ್ಟ್ ಎಂದು ನೋಡಿ ಮುಚ್ಚಳದ ಒಳಮೈಗೆ ಚೀಟಿ ಅಂಟಿಸಿಡಬೇಕು. ವರ್ಷಕ್ಕೊಮ್ಮೆ, ಇಲ್ಲವೇ ಜೋರಾಗಿ ‘ಭರ್ರ್’ ಎಂದ ಮರುದಿನ, ಮತ್ತೆ ಅಳೆಯಬೇಕು. ಹದಿನೈದು ಇದ್ದದ್ದು ಇಪ್ಪತ್ತಾದರೆ ಹವೆಯ ಬಿಸಿಗೂ ಹಾಗಾಗುತ್ತದೆ. ತೊಂಬತ್ತಾಗಿದ್ದರೆ ಮೊದಲ ಜೋಡಿ ಬದಲಿಸುವ ಹೊತ್ತು ಬಂದಿದೆ. ಒಂದನ್ನು ಮಾತ್ರ ಬದಲಿಸಿದರೆ ಹೊಸದೂ ಹಳೆಯದೂ ಹೊಂದುವುದಿಲ್ಲ, ಒಂದೇ ಪಟ್ಟಿಯಿಂದ ಹತ್ತು ಟ್ರಾನ್ಸಿಸ್ಟರ್ ತಂದು ಮಲ್ಟಿಮೀಟರಿನಲ್ಲಿ ಗೇನ್ ನೋಡಿ ಹತ್ತಿರದ ಎರಡನ್ನು ಆರಿಸಿ ಒಟ್ಟಿಗೇ ಹಾಕಬೇಕು. ಸೋಲ್ಡರಿಂಗ್ ಕಡ್ಡಿ ಹೇಗೂ ಬಿಸಿಯಾಗಿರುತ್ತದೆ, ಬೋರ್ಡನ್ನು ತಿರುಗಿಸಿ ಹಿಂಬದಿಯಲ್ಲಿ, ಎರಡು ಬೇಸುಗಳ ನಡುವೆ, ಆ ಎರಡು ಡಯೋಡುಗಳನ್ನೂ ಆಗಲೇ ಕೂರಿಸಬಹುದು.